ಬಾವಿಯ ಕೊತ್ತಂಬರಿ

ಕಳೆದ ಶ್ರಾವಣದಲ್ಲಿ ಬೆಂಗಳೂರಿನಿಂದ ಬಂದಿದ್ದ ಮೊಮ್ಮಗಳು ನಮ್ಮ ಪಡಸಾಲೆಯ ಮೂಲೆಯಲ್ಲಿರುವ ಮಣ್ಣಿನ ಕುಂಡದ ಮುಂದೆ ಬಹಳ ಹೊತ್ತು ಕುಳಿತಿದ್ದಳು. "ಅಜ್ಜಾ, ಇದೇ ಗಿಡವನ್ನು ನಾವು ನರ್ಸರಿಯಿಂದ ಮೂರು ಸಲ ತಂದೆವು. ಮೂರೂ ಸಲ ಹದಿನೈದು ದಿನಕ್ಕೆ ಒಣಗಿಹೋಯಿತು. ಗೋಕಾಕದ ಬಿಸಿಲಿನಲ್ಲಿ ನಿಮ್ಮದು ಹೇಗೆ ಬದುಕಿದೆ?" ಎಂದು ಕೇಳಿದಳು. ನೀರು ಹಾಕುತ್ತೇನೆ ಎಂದು ಹೇಳಿ ಸುಮ್ಮನಾಗಬಹುದಿತ್ತು. ಆದರೆ ಮೂವತ್ತಾರು ವರ್ಷ ಪಾಠ ಹೇಳಿದವನಿಗೆ ಅಷ್ಟು ಚಿಕ್ಕ ಉತ್ತರ ಕೊಟ್ಟು ರೂಢಿಯಿಲ್ಲ. ನನ್ನ ಉತ್ತರ ಹುಕ್ಕೇರಿಯಿಂದ ಹೊರಟು, ಮೂಡಲಗಿಯ ಕಾಲುವೆ ದಾಟಿ, ಲಂಡನ್ನಿಗೂ ಹೋಗಿ, ಗೋಕಾಕಕ್ಕೆ ತಿರುಗಿ ಬರುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು. ಮನೆಯವರಿಂದ ಬೈಗುಳವನ್ನೂ ತಿಂದೆ. ಅಂದು ಅವಳಿಗೆ ಹೇಳಿದ್ದನ್ನೂ ಹೇಳದೆ ಉಳಿಸಿಕೊಂಡದ್ದನ್ನೂ ಸೇರಿಸಿ ಇಲ್ಲಿ ಬರೆದಿಡುತ್ತಿದ್ದೇನೆ.

ಆ ಕುಂಡದಲ್ಲಿರುವುದು ಒಂದು ಜರೀಗಿಡ. ಹೂವಿಲ್ಲ, ಕಾಯಿಲ್ಲ, ಬೀಜವಿಲ್ಲ, ಇರುವುದೆಲ್ಲ ಎಲೆಯ ಸೊಬಗು. ಕಪ್ಪು ರೇಷ್ಮೆಯ ಎಳೆಯಂತೆ ಮಿನುಗುವ ತೆಳ್ಳನೆಯ ಕಡ್ಡಿಗಳು, ಅವುಗಳಿಗೆ ತೂಗುಬಿದ್ದ ಬೀಸಣಿಗೆಯಾಕಾರದ ಪುಟ್ಟ ಪುಟ್ಟ ಹಸಿರು ದಳಗಳು. ಮರಾಠಿ ಬಲ್ಲ ನಮ್ಮ ಗಡಿಭಾಗದ ಹಿರಿಯರು ಇದನ್ನು ಹಂಸರಾಜ ಎನ್ನುತ್ತಾರೆ. ಸಸ್ಯಶಾಸ್ತ್ರದಲ್ಲಿ ಇದು ಅಡಿಯಾಂಟಮ್ ಕ್ಯಾಪಿಲ್ಲಸ್-ವೆನೆರಿಸ್. ಸ್ವೀಡನ್ನಿನ ಲಿನೀಯಸ್ 1753ರಲ್ಲಿ ಇಟ್ಟ ಹೆಸರದು. ಅಡಿಯಾಂಟಮ್ ಎಂದರೆ ಗ್ರೀಕ್ ಭಾಷೆಯಲ್ಲಿ ಒದ್ದೆಯಾಗದ್ದು ಎಂದರ್ಥ. ಎಲೆಯನ್ನು ನೀರಿನಲ್ಲಿ ಅದ್ದಿ ತೆಗೆದರೆ ಹನಿಗಳು ಮುತ್ತಿನಂತೆ ಉರುಳಿಹೋಗುತ್ತವೆ. ಉಳಿದರ್ಧ ಲ್ಯಾಟಿನ್, ವೀನಸ್ ದೇವತೆಯ ಕೂದಲು ಎಂದರ್ಥ. ನೀರಿಲ್ಲದೆ ಒಂದು ದಿನವೂ ಇರಲಾರದ ಗಿಡಕ್ಕೆ ಒದ್ದೆಯಾಗದ್ದು ಎಂಬ ಹೆಸರು ಬಂದಿರುವುದು ವಿನೋದವೇ ಸರಿ. ನಮ್ಮ ಅವ್ವನಿಗೆ ಈ ಗ್ರೀಕು ಲ್ಯಾಟಿನ್ನುಗಳ ಗೊಡವೆ ಇರಲಿಲ್ಲ. ಅವಳು ಅದನ್ನು ಬಾವಿ ಕೊತ್ತಂಬರಿ ಎಂದೇ ಕರೆಯುತ್ತಿದ್ದಳು. ದಳಗಳ ಆಕಾರವನ್ನು ನೋಡಿದವರಿಗೆ ಆ ಹೆಸರು ತಪ್ಪೆನಿಸದು.

ನಾನು ಹುಟ್ಟಿದ್ದು ಹುಕ್ಕೇರಿ ತಾಲೂಕಿನಲ್ಲಿ, ಸಂಕೇಶ್ವರದಿಂದ ಬಹಳ ದೂರವಲ್ಲದ ಒಂದು ಹಳ್ಳಿಯಲ್ಲಿ. ಆಗಿನ್ನೂ ನಮ್ಮದು ಮುಂಬಯಿ ಪ್ರಾಂತ. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದಾಗ ನಾನು ಎರಡನೆಯ ಇಯತ್ತೆಯ ಹುಡುಗ. ಹಿತ್ತಿಲಿನಲ್ಲಿ ನಮ್ಮ ಮುತ್ತಜ್ಜನ ಕಾಲದ ಬಾವಿ ಇತ್ತು. ಕಲ್ಲು ಕಟ್ಟಿ, ಸುಣ್ಣದ ಗಚ್ಚು ಹಾಕಿ, ಒಂದು ಬದಿಗೆ ನೀರಿನವರೆಗೆ ಪಾವಟಿಗೆಗಳನ್ನು ಇಳಿಸಿದ್ದರು. ಬೇಸಿಗೆಯ ಮಧ್ಯಾಹ್ನ ಆ ಪಾವಟಿಗೆಗಳ ಮೇಲೆ ಕುಳಿತರೆ ಹೊರಗಿನ ಬಿಸಿಲು ಬೇರೊಂದು ಊರಿನದು ಎನಿಸುತ್ತಿತ್ತು. ನೀರಿನ ಮಟ್ಟದಿಂದ ಒಂದು ಆಳೆತ್ತರ ಮೇಲಿನವರೆಗೆ ಕಲ್ಲಿನ ಸಂದುಗಳಲ್ಲೆಲ್ಲ ಈ ಗಿಡ ಜೋತುಬಿದ್ದಿತ್ತು. ಯಾರೂ ನೆಟ್ಟದ್ದಲ್ಲ. ನಾನೊಮ್ಮೆ ಹಿಡಿ ತುಂಬ ಕಿತ್ತು ತಂದಾಗ ಅವ್ವ ಗದರಿದ್ದು ಇಂದಿಗೂ ನೆನಪಿದೆ: "ಕೀಳಬ್ಯಾಡೋ ತಮ್ಮಾ. ಅದು ಇದ್ದಲ್ಲೆ ನೀರು ಐತಿ ಅಂತ ತಿಳಿ."

ಅವ್ವನ ಮಾತಿನಲ್ಲಿದ್ದ ಶಾಸ್ತ್ರ ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ, ನಾನೇ ವಿಜ್ಞಾನದ ಪಾಠ ಹೇಳುವಾಗ. ಜರೀಗಿಡದ ಎಲೆಯಂಚು ಕೆಳಕ್ಕೆ ಮಡಚಿಕೊಂಡಿರುತ್ತದೆ. ಆ ಮಡಿಕೆಯೊಳಗೆ ಕಂದು ಬಣ್ಣದ ಧೂಳಿನಂತಹ ಬೀಜಾಣುಗಳು ಇರುತ್ತವೆ. ಗಾಳಿ ಅವುಗಳನ್ನು ಎಲ್ಲಿಗೆ ಬೇಕಾದರೂ ಒಯ್ಯುತ್ತದೆ. ಒದ್ದೆ ಕಲ್ಲಿನ ಮೇಲೆ ಬಿದ್ದ ಬೀಜಾಣುವಿನಿಂದ ಮೊದಲು ಜರೀಗಿಡ ಹುಟ್ಟುವುದಿಲ್ಲ. ಉಗುರಿಗಿಂತ ಚಿಕ್ಕದಾದ, ಹೃದಯಾಕಾರದ ಒಂದು ಹಸಿರು ಚಕ್ಕೆ ಹುಟ್ಟುತ್ತದೆ. ಆ ಚಕ್ಕೆಯಲ್ಲಿ ಗಂಡು ಹೆಣ್ಣು ಕಣಗಳು ಬೆಳೆದು, ಗಂಡು ಕಣವು ನೀರಿನ ತೆಳುಪೊರೆಯಲ್ಲಿ ಈಜಿ ಹೆಣ್ಣು ಕಣವನ್ನು ಸೇರಿದ ಮೇಲೆಯೇ ನಿಜವಾದ ಗಿಡ ಮೂಡುತ್ತದೆ. ಹೀಗೆ ಒಂದು ತಲೆಮಾರು ಒಂದು ರೂಪ, ಮುಂದಿನ ತಲೆಮಾರು ಇನ್ನೊಂದು ರೂಪ ತಾಳುವ ಈ ಕ್ರಮವನ್ನು ಜರ್ಮನಿಯ ಹಾಫ್‌ಮೈಸ್ಟರ್ 1851ರಲ್ಲಿ ಸ್ಪಷ್ಟವಾಗಿ ನಿರೂಪಿಸಿದನು. ಆ ಒಂದು ನೀರಿನ ಪೊರೆ ಇಲ್ಲವಾದರೆ ವಂಶವೇ ನಿಂತಿತು. ಆದುದರಿಂದ ಬಾವಿಯ ಗೋಡೆಯ ಮೇಲೆ ಈ ಗಿಡ ತಾನಾಗಿ ಹುಟ್ಟಿದೆಯೆಂದರೆ ಅಲ್ಲಿ ತಿಂಗಳುಗಟ್ಟಲೆ ತೇವ ಆರಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ನಮ್ಮ ಮೂರು ತಾಲೂಕುಗಳು ಮಳೆಯ ನಾಡಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಗೋಕಾಕದ ಸುತ್ತ ವರ್ಷಕ್ಕೆ ಐದಾರುನೂರು ಮಿಲಿಮೀಟರ್ ಮಳೆಯಾದರೆ ಒಳ್ಳೆಯ ವರ್ಷ. ಆದರೆ ಪಶ್ಚಿಮಕ್ಕೆ ಒಂದು ದಿನದ ದಾರಿಯಲ್ಲಿರುವ ಅಂಬೋಲಿ ಘಟ್ಟದಲ್ಲಿ ಅದರ ಹತ್ತು ಪಟ್ಟಿಗೂ ಹೆಚ್ಚು ಸುರಿಯುತ್ತದೆ. ಹಿರಣ್ಯಕೇಶಿ ಹುಟ್ಟುವುದು ಅಂಬೋಲಿಯಲ್ಲೇ, ಘಟಪ್ರಭೆ ಹುಟ್ಟುವುದೂ ಅದೇ ಸಹ್ಯಾದ್ರಿಯ ಸಾಲಿನಲ್ಲಿ. ನಮ್ಮ ನೆಲದಲ್ಲಿ ಇರುವ ತೇವವೆಲ್ಲ ಬಹುಮಟ್ಟಿಗೆ ಘಟ್ಟದಿಂದ ಕಡ ತಂದದ್ದು. ಈ ಜರೀಗಿಡವೂ ನಮ್ಮ ಎರೆಭೂಮಿಯ ಬಯಲಿನದಲ್ಲ. ನದಿ ಧುಮುಕುವಲ್ಲಿ, ಬಾವಿ ಇರುವಲ್ಲಿ, ಕಾಲುವೆಯ ಸೇತುವೆ ಜಿನುಗುವಲ್ಲಿ ಮಾತ್ರ ಅದು ನಿಲ್ಲುತ್ತದೆ. ಅದರ ಕಥೆ ಹೇಳಹೊರಟರೆ ನಮ್ಮ ನೀರಿನ ಕಥೆಯನ್ನೇ ಹೇಳಬೇಕಾಗುತ್ತದೆ.

ಗೋಡೆಯ ಸಂದಿನಲ್ಲಿದ್ದ ಗಿಡ ಮನೆಯೊಳಗಿನ ಅಲಂಕಾರವಾದದ್ದು ಹೇಗೆ? ಅದಕ್ಕೆ ಲಂಡನ್ನಿನ ಒಬ್ಬ ವೈದ್ಯನನ್ನು ನೆನೆಯಬೇಕು. ನಥಾನಿಯಲ್ ವಾರ್ಡ್ ಎಂಬ ಆತನಿಗೆ ಜರೀಗಿಡಗಳ ಮೋಹ. ಆದರೆ ನಗರದ ಕಲ್ಲಿದ್ದಲ ಹೊಗೆಯಲ್ಲಿ ಅವು ಬದುಕುತ್ತಿರಲಿಲ್ಲ. 1829ರಲ್ಲಿ ಆತ ಒಂದು ಪತಂಗದ ಕೋಶವನ್ನು ಹಸಿ ಮಣ್ಣಿನೊಡನೆ ಮುಚ್ಚಿದ ಬಾಟಲಿಯಲ್ಲಿ ಇಟ್ಟಿದ್ದಾಗ ಆ ಮಣ್ಣಿನಲ್ಲಿ ತಾನಾಗಿ ಒಂದು ಜರೀಗಿಡವೂ ಒಂದು ಹುಲ್ಲೂ ಮೊಳೆತವು. ಹಗಲು ಆವಿಯಾದ ನೀರು ಗಾಜಿಗೆ ತಗಲಿ, ರಾತ್ರಿ ತಿರುಗಿ ಮಣ್ಣಿಗೇ ಇಳಿಯುತ್ತಿತ್ತು. ಇದನ್ನು ನೋಡಿ ಆತ ಗಾಜಿನ ಪೆಟ್ಟಿಗೆಗಳನ್ನು ಮಾಡಿಸಿ, 1833ರಲ್ಲಿ ಗಿಡಗಳನ್ನು ತುಂಬಿ ಹಡಗಿನಲ್ಲಿ ಸಿಡ್ನಿಗೆ ಕಳುಹಿಸಿದ. ತಿಂಗಳುಗಟ್ಟಲೆ ಉಪ್ಪುಗಾಳಿಯ ಪ್ರಯಾಣವಾದ ಮೇಲೂ ಅವು ಜೀವಂತವಾಗಿ ತಲುಪಿದವು. ಮುಂದೆ ಚೀನದ ಚಹಾ ಗಿಡಗಳು ಭಾರತಕ್ಕೆ ಬಂದದ್ದು ಇಂತಹ ಪೆಟ್ಟಿಗೆಗಳಲ್ಲೇ. ಇಂಗ್ಲೆಂಡಿನ ಮನೆ ಮನೆಗಳಲ್ಲಿ ಜರೀಗಿಡದ ಹುಚ್ಚು ಎಷ್ಟು ಹೆಚ್ಚಿತೆಂದರೆ, ಚಾರ್ಲ್ಸ್ ಕಿಂಗ್ಸ್‌ಲೀ ಎಂಬ ಲೇಖಕ 1855ರಲ್ಲಿ ಆ ಹುಚ್ಚಿಗೆ ಒಂದು ಹೆಸರನ್ನೇ ಟಂಕಿಸಿದ. ಆ ಹುಚ್ಚಿಗೆ ಕಾಡಿನ ಗಿಡಗಳೂ ಬಲಿಯಾದವು. ಜನ ಬುಟ್ಟಿಗಟ್ಟಲೆ ಅಗೆದು ಒಯ್ದು ಕೆಲವು ಜಾತಿಗಳು ಅಪರೂಪವಾದವು.

ಅದೇ ಅಭಿರುಚಿ ಆಂಗ್ಲರೊಡನೆ ನಮ್ಮ ದೇಶಕ್ಕೂ ಬಂತು. ಮದ್ರಾಸಿನ ಸೈನ್ಯದಿಂದ ಅರಣ್ಯ ಇಲಾಖೆಗೆ ಬಂದ ಬೆಡ್ಡೋಮ್ ದಕ್ಷಿಣ ಭಾರತದ ಜರೀಗಿಡಗಳ ಚಿತ್ರಗಳನ್ನು 1860ರ ದಶಕದಲ್ಲಿ ಪ್ರಕಟಿಸಿದ. 1883ರಲ್ಲಿ ಇಡೀ ದೇಶದ ಜರೀಗಿಡಗಳ ಕೈಪಿಡಿಯನ್ನೂ ಬರೆದ. ನಮ್ಮ ಮುಂಬಯಿ ಪ್ರಾಂತದ ಜರೀಗಿಡಗಳ ಬಗ್ಗೆ ಬ್ಲಾಟರ್ ಮತ್ತು ಡಿ'ಅಲ್ಮೇಡ ಅವರ ಪುಸ್ತಕ 1922ರಲ್ಲಿ ಬಂತು. ಬೆಂಗಳೂರಿನ ಲಾಲಬಾಗದ ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದು 1889ರಲ್ಲಿ. ಕುಂಡದಲ್ಲಿ ಬರಿಯ ಎಲೆಯ ಗಿಡವನ್ನು ಬೆಳೆಸುವುದು ಅಲ್ಲಿಯವರೆಗೆ ನಮ್ಮವರಿಗೆ ಹೊಸದು. ನಮ್ಮ ಅಂಗಳದಲ್ಲಿ ತುಳಸಿಗೆ ಪೂಜೆಯುಂಟು, ಮಲ್ಲಿಗೆಗೆ ಮುಡಿಯುಂಟು, ಕರಿಬೇವಿಗೆ ಒಗ್ಗರಣೆಯುಂಟು. ಏನೂ ಕೊಡದ ಗಿಡಕ್ಕೆ ನೀರು ಹಾಕುವುದು ಎಂದರೇನು?

ನಮ್ಮ ಹುಕ್ಕೇರಿಗೆ ಹೂವಿನ ಕೀರ್ತಿ ಹಳೆಯದು. ಹೂವಿನ ಕೇರಿ ಎಂಬುದೇ ಹುಕ್ಕೇರಿಯಾಯಿತೆಂದೂ, ಬಿಜಾಪುರದ ಆದಿಲಶಾಹಿ ಅರಮನೆಗೆ ಇಲ್ಲಿಂದ ಗುಲಾಬಿ ಹೋಗುತ್ತಿತ್ತೆಂದೂ ಹಿರಿಯರು ಹೇಳುತ್ತ ಬಂದಿದ್ದಾರೆ. ಆ ಕಾಲದ ಗುಮ್ಮಟಗಳು ಇಂದಿಗೂ ಊರಿನಲ್ಲಿ ನಿಂತಿವೆ. ಗುಲಾಬಿ ಅರಮನೆಗೆ ಹೋದ ಸುದ್ದಿ ಜನರ ಬಾಯಲ್ಲಿ ಉಳಿಯಿತು, ಬಾವಿಯ ಗೋಡೆಯ ಎಲೆಗೆ ಅಂತಹ ಭಾಗ್ಯ ಬರಲಿಲ್ಲ. ನಾನು ಈ ಗಿಡವನ್ನು ಮೊದಲಿಗೆ ಕುಂಡದಲ್ಲಿ ನೋಡಿದ್ದು ಗೋಕಾಕ ಫಾಲ್ಸಿನಲ್ಲಿ. ಹತ್ತು ಹನ್ನೊಂದು ವರ್ಷದವನಿದ್ದಾಗ ಮಾಮಾ ನನ್ನನ್ನು ಜಲಪಾತ ತೋರಿಸಲು ಕರೆದೊಯ್ದಿದ್ದರು. ಘಟಪ್ರಭೆ ಅಲ್ಲಿ ಕುದುರೆಲಾಳದಂತೆ ಬಾಗಿದ ಮರಳುಗಲ್ಲಿನ ಅಂಚಿನಿಂದ ಸುಮಾರು 52 ಮೀಟರ್ ಕೆಳಕ್ಕೆ ಧುಮುಕುತ್ತದೆ. ಆ ನೀರಿನ ಬಲವನ್ನೇ ನಂಬಿ 1885ರಲ್ಲಿ ಕಂಪನಿ ಸ್ಥಾಪನೆಯಾಗಿ, 1887ರಲ್ಲಿ ನೂಲಿನ ಗಿರಣಿ ಆರಂಭವಾಗಿತ್ತು. ಸುಮಾರು 200 ಮೀಟರ್ ಉದ್ದದ ತೂಗುಸೇತುವೆಯ ಮೇಲೆ ಮಾಮಾನ ಕೈ ಬಿಗಿಯಾಗಿ ಹಿಡಿದು ನಡೆದೆ. ಮುಖಕ್ಕೆ ತುಂತುರು ಹೊಡೆಯುತ್ತಿತ್ತು. ಆಚೆಗಿನ ಕಲ್ಲುಗೋಡೆಯ ಮೇಲೆ ನಮ್ಮ ಬಾವಿಯ ಕೊತ್ತಂಬರಿಯೇ ಹಸಿರು ಹಚ್ಚಡದಂತೆ ಹಬ್ಬಿತ್ತು. ತಿರುಗಿ ಬರುವಾಗ ವಸಾಹತಿನ ಒಂದು ಮನೆಯ ಕಟ್ಟೆಯ ಮೇಲೆ ಅದನ್ನೇ ಕೆಂಪು ಬಳಿದ ಕುಂಡಗಳಲ್ಲಿ ಸಾಲಾಗಿ ಇಟ್ಟಿದ್ದರು. ನಮ್ಮ ಬಾವಿಯಲ್ಲಿ ಯಾರೂ ಕೇಳದ ಸೊಪ್ಪಿಗೆ ಇಲ್ಲಿ ಇಷ್ಟು ಮರ್ಯಾದೆಯೇ ಎಂದು ನನಗೆ ಆಶ್ಚರ್ಯ. ಮನೆಗೆ ಬಂದು ಹೇಳಿದಾಗ ಅವ್ವ ನಕ್ಕಳು. ಆದರೆ ಕೆಲವು ದಿನಗಳ ಮೇಲೆ ಒಡೆದ ಗಡಿಗೆಯೊಂದರಲ್ಲಿ ಅವಳೂ ಒಂದು ಬುಡ ಹಚ್ಚಿ, ನೀರಿನ ಹರವಿ ಇಡುವ ಕಟ್ಟೆಯ ಕೆಳಗೆ ಇಟ್ಟಿದ್ದಳು. ಹರವಿಯಿಂದ ಜಿನುಗುವ ನೀರು ಹಗಲಿರುಳೂ ಅದರ ಪಕ್ಕದಲ್ಲೇ ತೊಟ್ಟಿಕ್ಕುತ್ತಿತ್ತು.

ನಾನು 1970ರಲ್ಲಿ ಮೂಡಲಗಿಯ ಕಡೆಗೆ ಮಾಸ್ತರನಾಗಿ ಹೋದೆ. ಆಗ ಮೂಡಲಗಿ ಗೋಕಾಕ ತಾಲೂಕಿಗೆ ಸೇರಿದ್ದಿತು, ಈಗ ಅದೇ ತಾಲೂಕಿನ ಊರು. ಹೊರಡುವಾಗ ಅವ್ವ ರೊಟ್ಟಿಯ ಗಂಟಿನ ಜೊತೆಗೆ ಆ ಗಿಡದ ಒಂದು ಬುಡವನ್ನೂ ಹಸಿ ಅರಿವೆಯಲ್ಲಿ ಸುತ್ತಿ ಕೊಟ್ಟಳು. ಅದನ್ನು ನಾನು ಅಲ್ಲಿಯ ಒಳ್ಳೆಯ ಎರೆಮಣ್ಣಿನಲ್ಲಿ ಹಚ್ಚಿದೆ. ಜೋಳ ಕಬ್ಬುಗಳನ್ನು ಬೆಳೆಯುವ ಮಣ್ಣು ಇದಕ್ಕೆ ಆಗದೇ ಎಂಬ ಧೈರ್ಯ. ನೀರು ಹಾಕಿದೊಡನೆ ಎರೆ ಅಂಟಾಗಿ ಗಾಳಿಯಾಡದೆ ಬೇರು ಕೊಳೆಯಿತು. ಎರಡನೆಯ ಬುಡವನ್ನು ಮರಳು ಬೆರೆಸಿ ಹಚ್ಚಿದೆ. ಎರಡು ತಿಂಗಳು ಚೆನ್ನಾಗಿತ್ತು. ಆ ಮೇಲೆ ಎಲೆಯಂಚುಗಳು ಸುಟ್ಟಂತೆ ಕಂದಿದವು, ಕುಂಡದ ಕಂಠದ ಸುತ್ತ ಬಿಳಿಯ ಪುಡಿ ಕಟ್ಟಿಕೊಂಡಿತು. ನೀರು ಸಾಲದೆಂದು ಇನ್ನಷ್ಟು ಹಾಕಿದೆ. ಗಿಡ ಇನ್ನಷ್ಟು ಬೇಗ ಸತ್ತಿತು.

ಕಾರಣವನ್ನು ಹೇಳಿದವನು ಒಬ್ಬ ವಿದ್ಯಾರ್ಥಿಯ ತಂದೆ, ಅಕ್ಷರ ಬಾರದ ಒಕ್ಕಲಿಗ. ಆ ಬಿಳಿ ಪುಡಿಯನ್ನು ನಾಲಿಗೆಗೆ ಹಚ್ಚಿಕೊಂಡು, "ಮಾಸ್ತರ, ಇದು ಸವಳು ನೀರ್ರಿ. ನಮ್ಮ ಹೊಲಾನೂ ಹಿಂಗ ಆಗೈತ್ರಿ," ಎಂದ. ಧೂಪದಾಳದ ಒಡ್ಡು ಕಟ್ಟಿ, 19ನೆಯ ಶತಮಾನದ ಕೊನೆಯಿಂದಲೇ ಘಟಪ್ರಭೆಯ ನೀರನ್ನು ಎಡದಂಡೆಯ ಕಾಲುವೆಗೆ ತಿರುಗಿಸಿದ್ದರು. ಕಾಲುವೆ ಬಂದಲ್ಲಿ ಕಬ್ಬು ಬಂತು, ಮಾಳಿಗೆ ಮನೆಗಳು ಎದ್ದವು. ಆದರೆ ಎರೆಭೂಮಿ ನೀರನ್ನು ಕೆಳಕ್ಕೆ ಬಿಡುವುದಿಲ್ಲ. ಬಸಿಗಾಲುವೆಯಿಲ್ಲದೆ ಮೇಲೆ ಮೇಲೆ ನೀರು ಹಾಯಿಸಿದಲ್ಲಿ ಅಂತರ್ಜಲ ಮೇಲೇರಿ, ನೆಲದೊಳಗಿನ ಉಪ್ಪನ್ನು ಕರಗಿಸಿಕೊಂಡು ಬಂದು, ಬಿಸಿಲಿಗೆ ತಾನು ಆವಿಯಾಗಿ ಉಪ್ಪನ್ನು ಮಾತ್ರ ಮೇಲೆ ಬಿಟ್ಟುಹೋಗುತ್ತದೆ. ಸವಳು ಜವಳು ಎಂದು ನಮ್ಮವರು ಕರೆಯುವ ಈ ರೋಗ ಘಟಪ್ರಭೆಯ ಅಚ್ಚುಕಟ್ಟಿನಲ್ಲಿ ಎಷ್ಟೋ ಹೊಲಗಳನ್ನು ಕೆಡಿಸಿತು. ನನ್ನ ಒಂದು ಗೇಣಿನ ಕುಂಡದಲ್ಲಿ ನಡೆದದ್ದೂ ಅದೇ. ನಾನು ಹಾಕುತ್ತಿದ್ದದ್ದು ಬಾವಿಯ ಉಪ್ಪು ನೀರು, ಕುಂಡದ ತಳದ ತೂತು ಮುಚ್ಚಿಹೋಗಿತ್ತು. ನೀರು ಹೆಚ್ಚಿದಷ್ಟೂ ಉಪ್ಪು ಹೆಚ್ಚಿತು. ಆ ವರ್ಷ ನಾನು ತರಗತಿಯಲ್ಲಿ ಭೂಗೋಳದ ಪಾಠಕ್ಕೆ ಆ ಸತ್ತ ಗಿಡದ ಕುಂಡವನ್ನೇ ಒಯ್ದು ಮೇಜಿನ ಮೇಲೆ ಇಟ್ಟೆ. ಆ ತರಗತಿಯಲ್ಲಿದ್ದವರು ಯಾರಾದರೂ ಇದನ್ನು ಓದುತ್ತಿದ್ದರೆ ಅವರಿಗೆ ನೆನಪಾಗಬಹುದು. ಮೂರನೆಯ ಬುಡಕ್ಕೆ ಕಾಲುವೆಯ ನೀರನ್ನೂ ಮಳೆಯ ನೀರನ್ನೂ ಹಿಡಿದಿಟ್ಟು ಹಾಕಿದೆ. ಅದು ಬದುಕಿತು.

1972ರಲ್ಲಿ ಬರಗಾಲ ಬಂತು. ಊರಿನ ನಮ್ಮ ಬಾವಿ ನನ್ನ ನೆನಪಿನಲ್ಲಿ ಮೊದಲ ಸಲ ತಳ ಕಂಡಿತು. ಬೇಸಿಗೆಯಲ್ಲಿ ಹೋಗಿ ನೋಡಿದರೆ ಗೋಡೆಯ ಗಿಡಗಳೆಲ್ಲ ಕಪ್ಪು ಕಡ್ಡಿಗಳಾಗಿ ಜೋತುಬಿದ್ದಿದ್ದವು. ಎಲ್ಲ ಸತ್ತವು ಎಂದೆ. ಅವ್ವ, "ಸತ್ತಿಲ್ಲಪಾ, ಮಲಗ್ಯಾವು. ನೀರ ಬಂದಿಂದ ಏಳತಾವು," ಎಂದಳು. ಮರುವರ್ಷದ ಮಳೆಗೆ ನೆರಳಿನ ಬದಿಯ ಸಂದುಗಳಿಂದ ಶಂಖದಂತೆ ಸುರುಳಿ ಸುತ್ತಿದ ಎಳೆಯ ಕುಡಿಗಳು ನಿಜವಾಗಿಯೂ ಎದ್ದವು. ಕಲ್ಲಿನ ಸಂದಿನ ಆಳದಲ್ಲಿ ಗೆಡ್ಡೆಯಂತಹ ಕಾಂಡ ಜೀವ ಹಿಡಿದಿತ್ತು.

ಅಷ್ಟರಲ್ಲಿ ನಮ್ಮ ಭಾಗದ ನೀರಿನ ಲೆಕ್ಕವೇ ಬದಲಾಗತೊಡಗಿತ್ತು. 1969ರಲ್ಲಿ ಹುಕ್ಕೇರಿಯಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಸ್ಥಾಪನೆಯಾಯಿತು. ಇಡೀ ದೇಶದಲ್ಲಿ ಮೊದಲಿಗೆ ಪ್ರಯೋಗರೂಪದಲ್ಲಿ ಆರಂಭವಾದ ಐದು ಸಂಘಗಳಲ್ಲಿ ಇದೂ ಒಂದು ಎಂಬುದು ನಮಗೆ ಹೆಮ್ಮೆಯ ಸಂಗತಿ. ಹಳ್ಳಿಗಳಿಗೆ ದೀಪ ಬಂತು, ಎತ್ತು ಕಟ್ಟಿ ನೀರೆತ್ತುತ್ತಿದ್ದ ಬಾವಿಗಳಿಗೆ ಪಂಪು ಕುಳಿತವು. 1977ರಲ್ಲಿ ಹಿಡಕಲ್ಲಿನಲ್ಲಿ ರಾಜಾ ಲಖಮಗೌಡ ಜಲಾಶಯ ಪೂರ್ಣವಾಯಿತು. ಸುಮಾರು 51 ಟಿಎಂಸಿ ನೀರು ಹಿಡಿಯುವ ಆ ಆಣೆಕಟ್ಟಿನ ಹಿನ್ನೀರಿನಲ್ಲಿ ಹೊಲಗಳೂ ಮನೆಗಳೂ ಬಾವಿಗಳೂ ಮುಳುಗಿದವು. ಹುನ್ನೂರಿನ ಹಳೆಯ ವಿಠ್ಠಲ ದೇವಸ್ಥಾನ ಈಗಲೂ ನೀರು ಇಳಿದಾಗ ತಲೆಯೆತ್ತುತ್ತದೆ. ಒಬ್ಬರ ಊರು ಮುಳುಗಿ ಇನ್ನೊಬ್ಬರ ಹೊಲ ಹಸಿರಾದದ್ದನ್ನು ನಾವು, ಕೆಳಗಿನ ಕಾಲುವೆಯವರು, ಮರೆಯಬಾರದು. ಕಾಲುವೆಯ ನೀರು ತಲುಪದ ಊರುಗಳಲ್ಲಿ ಮಾತ್ರ ಬೇರೆ ಕಥೆ ನಡೆಯಿತು. ಪಂಪಿನ ಮೇಲೆ ಪಂಪು, ಆ ಮೇಲೆ ಕೊಳವೆಬಾವಿ. ಒಬ್ಬನು ಆಳಕ್ಕೆ ಹೋದರೆ ಪಕ್ಕದವನು ಇನ್ನಷ್ಟು ಆಳಕ್ಕೆ. ದೀಪ ಕೊಟ್ಟವರ ತಪ್ಪು ಅದಲ್ಲ. ಎತ್ತು ಕಟ್ಟಿ ಎಳೆಯುವಾಗ ನೀರಿಗೆ ಬೆಲೆಯಿತ್ತು, ಗುಂಡಿ ಒತ್ತಿದೊಡನೆ ಬರುವಾಗ ನಮಗೆ ಆ ಲೆಕ್ಕ ಮರೆತುಹೋಯಿತು.

ಇನ್ನು ನಾನು ಮೊಮ್ಮಗಳಿಗೆ ಹೇಳದ ಮಾತು. 1994ರಲ್ಲಿ ನನ್ನ ತಮ್ಮ ಊರಿನಿಂದ ಪತ್ರ ಬರೆದ. ಬಾವಿ ಬತ್ತಿದೆ, ಕಸ ಬೀಳುತ್ತಿದೆ, ಸಣ್ಣ ಮಕ್ಕಳು ಆಡುವ ಜಾಗ, ಮನೆಯನ್ನು ಹಿಂದಕ್ಕೆ ಬೆಳೆಸಬೇಕಾಗಿದೆ, ಮುಚ್ಚಿಸಲೇ ಎಂದು ಕೇಳಿದ್ದ. ಹೇಳಿದ್ದೆಲ್ಲವೂ ನಿಜ. ನಾನು ಪರೀಕ್ಷೆಯ ಗಡಿಬಿಡಿಯಲ್ಲಿದ್ದೆ. ನಿನಗೆ ಸರಿ ಕಂಡಂತೆ ಮಾಡು ಎಂದು ಒಂದು ಕಾರ್ಡಿನಲ್ಲಿ ಒಂದು ಸಾಲು ಬರೆದು ಹಾಕಿದೆ. ಅವ್ವನನ್ನು ಕೇಳಿದೆಯಾ ಎಂದು ಕೇಳಲಿಲ್ಲ. ಮೇ ತಿಂಗಳಿನಲ್ಲಿ ಊರಿಗೆ ಹೋದಾಗ ಹಿತ್ತಿಲು ಸಪಾಟಾಗಿತ್ತು. ಬಾವಿಯ ಕಟ್ಟೆಯ ನಾಲ್ಕು ಕಲ್ಲುಗಳು ಹೊಸ ಗೋಡೆಯ ಪಾಯಕ್ಕೆ ಹೋಗಲು ಕಾದು ಬಿದ್ದಿದ್ದವು. ಅವ್ವ ಏನೂ ಅನ್ನಲಿಲ್ಲ. ಒಳಗೆ ಹೋಗಿ ಒಂದು ಗಡಿಗೆಯನ್ನು ತಂದು ನನ್ನ ಮುಂದೆ ಇಟ್ಟಳು. ಮುಚ್ಚುವ ಹಿಂದಿನ ದಿನ ಹಗ್ಗ ಕಟ್ಟಿ ಒಬ್ಬ ಆಳುಮಗನನ್ನು ಇಳಿಸಿ, ತೇವ ಉಳಿದಿದ್ದ ಒಂದೇ ಒಂದು ಸಂದಿನಿಂದ ಒಂದು ಬುಡವನ್ನು ತೆಗೆಸಿದ್ದಳು. ಗಚ್ಚಿನ ಚೂರು ಇನ್ನೂ ಬೇರಿಗೆ ಅಂಟಿಕೊಂಡಿತ್ತು. "ನೀ ಸಾಲ್ಯಾಗ ಹುಡುಗೂರಿಗೆ ನೀರಿನ ಪಾಠ ಹೇಳ್ತಿ ಅಲ್ಲ, ಇದನ್ನ ತಗೊಂಡು ಹೋಗು," ಎಂದಳು. ಅದು ವ್ಯಂಗ್ಯವೋ ಆಶೀರ್ವಾದವೋ ಎಂದು ನಾನು ಇಂದಿಗೂ ನಿರ್ಧರಿಸಲಾರೆ. ಅವಳು ತೀರಿಕೊಂಡದ್ದು 2001ರಲ್ಲಿ. ತಮ್ಮನ ಮಕ್ಕಳು ಇದನ್ನು ಓದಿದರೆ ಬೇಸರಿಸಬಾರದು. ಬಾವಿ ಮುಚ್ಚಿದ್ದು ನಿಮ್ಮ ಅಪ್ಪನೊಬ್ಬನಲ್ಲ. ಆ ಒಂದು ಸಾಲು ಬರೆದ ನಾನೂ ಮುಚ್ಚಿದೆ.

2006ರಲ್ಲಿ ನಿವೃತ್ತಿಯಾದಾಗ ಆ ಒಂದು ಬುಡ ನಾಲ್ಕು ಕುಂಡಗಳಾಗಿತ್ತು. ಬೀಳ್ಕೊಡುಗೆಗೆ ಬಂದ ಹಳೆಯ ವಿದ್ಯಾರ್ಥಿಗಳಿಗೆ ತಿರುಗಿ ಏನು ಕೊಡುವುದೆಂದು ಯೋಚಿಸಿ, ಗಿಡವನ್ನು ಒಡೆದು ತೆಂಗಿನ ಕರಟಗಳಲ್ಲಿ ಹಚ್ಚಿ ಹನ್ನೆರಡು ಜನರಿಗೆ ಕೊಟ್ಟೆ. ಕೆಲವರು ನಗುತ್ತಲೇ ಒಯ್ದರು. ನಾನು ಗೋಕಾಕದಲ್ಲಿ ನದಿಗೆ ಸಮೀಪದ ಓಣಿಯಲ್ಲಿ ಮನೆ ಮಾಡಿದೆ. 2019ರ ಆಗಸ್ಟಿನಲ್ಲಿ ಘಟ್ಟದ ಮಳೆ ಒಮ್ಮೆಲೇ ಇಳಿದು ಬಂತು. ಹಿಡಕಲ್ ತುಂಬಿತು, ಹಿರಣ್ಯಕೇಶಿ ಮಾರ್ಕಂಡೇಯಗಳೂ ಉಕ್ಕಿದವು, ಲೋಳಸೂರಿನ ಸೇತುವೆ ಮುಳುಗಿತು, ಗೋಕಾಕದ ಓಣಿಗಳಿಗೆ ನೀರು ನುಗ್ಗಿತು. ನಾವಿಬ್ಬರು ಮುದುಕರು ಔಷಧದ ಚೀಲವನ್ನೂ ಮನೆಯ ಕಾಗದಪತ್ರಗಳನ್ನೂ ಹಿಡಿದು ಹೊರಟೆವು. ಒಂದು ವಾರದ ಮೇಲೆ ಬಂದು ಬಾಗಿಲು ತೆಗೆದರೆ ಮೊಣಕಾಲುದ್ದದ ರಾಡಿ. ಪುಸ್ತಕಗಳು ಹಿಟ್ಟಿನ ಮುದ್ದೆಯಾಗಿದ್ದವು. ಕುಂಡಗಳು ಇದ್ದ ಜಾಗದಲ್ಲಿ ಏನೂ ಇರಲಿಲ್ಲ. ಜೀವಮಾನವೆಲ್ಲ ನೀರು ಸಾಲದೆಂದು ಕಾಯ್ದುಕೊಂಡು ಬಂದ ಗಿಡ ನೀರಿನಲ್ಲೇ ಹೋಯಿತು. ಪುಸ್ತಕಗಳಿಗೆ ಅಳಲಿಲ್ಲ, ಅದಕ್ಕೆ ಅತ್ತೆ. ನಮ್ಮ ಮನೆಯವರಿಗೆ ಮಾತ್ರ ಅದು ಗೊತ್ತು.

ಆ ದೀಪಾವಳಿಯ ಹೊತ್ತಿಗೆ ಸಂಕೇಶ್ವರದ ಕಡೆಯಿಂದ ಒಬ್ಬ ಹಳೆಯ ವಿದ್ಯಾರ್ಥಿ ಮನೆ ಹುಡುಕಿಕೊಂಡು ಬಂದ. ಕೈಯಲ್ಲಿ ಎಣ್ಣೆಯ ಡಬ್ಬಿಯನ್ನು ಕತ್ತರಿಸಿ ಮಾಡಿದ ಕುಂಡ. "ಸರ್, ನೀವು ಕರಟದಾಗ ಕೊಟ್ಟಿದ್ರಲ್ರಿ, ಅದು ನಮ್ಮ ಬಚ್ಚಲ ಹಿಂದ ಗ್ವಾಡಿ ತುಂಬ ಹಬ್ಬೈತ್ರಿ. ನಿಮ್ಮ ಮನೀಗೆ ನೀರ ಹೊಕ್ಕದ್ದು ಕೇಳಿ ಒಂದು ಬುಡ ತಂದೀನ್ರಿ," ಎಂದ. ತರಗತಿಯಲ್ಲಿ ಅವನಿಗೆ ನಾನು ಎಷ್ಟು ಸಲ ಬೆಂಚಿನ ಮೇಲೆ ನಿಲ್ಲಿಸಿದ್ದೆನೋ ಲೆಕ್ಕವಿಲ್ಲ. ಹೀಗೆ ನಮ್ಮ ಬಾವಿಯ ಗಿಡ ಹುಕ್ಕೇರಿ ತಾಲೂಕಿನಿಂದಲೇ ಎರಡನೆಯ ಸಲ ನನ್ನ ಮನೆಗೆ ಬಂತು. ಮೊಮ್ಮಗಳು ನೋಡಿದ್ದು ಅದನ್ನೇ.

ಇನ್ನು ಅವಳು ಕೇಳಿದ ಪ್ರಶ್ನೆಗೆ ನೇರ ಉತ್ತರ. ನೀವೂ ಬೆಳೆಸುವುದಾದರೆ ಇಷ್ಟನ್ನು ನೆನಪಿಡಿ.

ಮಣ್ಣು ಹಗುರಾಗಿರಬೇಕು. ಕೊಳೆತ ಎಲೆಗೊಬ್ಬರ ಎರಡು ಪಾಲು, ಮರಳು ಒಂದು ಪಾಲು, ಇದ್ದಿಲು ಮತ್ತು ಇಟ್ಟಿಗೆಯ ಚೂರು ಒಂದು ಪಾಲು. ಎರೆಮಣ್ಣು ಬೇಡ. ಹಳೆಯ ಸುಣ್ಣದ ಗಚ್ಚಿನ ಒಂದೆರಡು ತುಂಡು ಸಿಕ್ಕರೆ ಸೇರಿಸಿ. ಈ ಜಾತಿಗೆ ಸುಣ್ಣ ಪ್ರಿಯ, ಅದಕ್ಕೇ ಬಾವಿಯ ಗೋಡೆ ಅದಕ್ಕೆ ಒಗ್ಗಿತ್ತು. ಸುಣ್ಣವನ್ನು ಸಹಿಸುತ್ತದೆಂದು ಉಪ್ಪನ್ನೂ ಸಹಿಸುತ್ತದೆ ಎಂದು ಮಾತ್ರ ತಿಳಿಯಬೇಡಿ. ಕೊಳವೆಬಾವಿಯ ಗಡಸು ನೀರು, ಅಂಗಡಿಯ ಗೊಬ್ಬರದ ಪುಡಿ ಎರಡೂ ಎಲೆಯಂಚನ್ನು ಸುಡುತ್ತವೆ. ಮಳೆಯ ನೀರು ಉತ್ತಮ. ನಳದ ನೀರನ್ನು ತೆರೆದ ಪಾತ್ರೆಯಲ್ಲಿ ಒಂದು ರಾತ್ರಿ ಇಟ್ಟು ಹಾಕಿರಿ. ಮಣ್ಣು ಒಂದು ದಿನವೂ ಪೂರ್ಣ ಒಣಗಬಾರದು, ನೀರು ನಿಲ್ಲಲೂಬಾರದು. ಕುಂಡದ ತಳದ ತೂತನ್ನು ಆಗಾಗ ಕಡ್ಡಿಯಿಂದ ನೋಡುತ್ತಿರಿ.

ಬೆಳಕು ಬೇಕು, ಬಿಸಿಲು ಬೇಡ. ಬೆಳಗಿನ ಎಳೆಬಿಸಿಲು ಸೋಸಿ ಬೀಳುವ ಪೂರ್ವದ ಅಥವಾ ಉತ್ತರದ ಕಿಟಕಿ ಒಳ್ಳೆಯದು. ಫ್ಯಾನಿನ ಗಾಳಿಗೂ ತಂಪು ಯಂತ್ರದ ಒಣ ಗಾಳಿಗೂ ಇಡಬೇಡಿ. ಮೊಮ್ಮಗಳ ಮೂರು ಗಿಡಗಳು ಹೋದದ್ದು ಬಹುಶಃ ಇದರಿಂದಲೇ. ಗೋಕಾಕದ ಏಪ್ರಿಲ್ ಮೇ ತಿಂಗಳುಗಳಲ್ಲಿ ನಾನು ಕುಂಡವನ್ನು ಇನ್ನೊಂದು ದೊಡ್ಡ ಕುಂಡದೊಳಗಿಟ್ಟು ನಡುವೆ ಒದ್ದೆ ಮರಳು ತುಂಬುತ್ತೇನೆ, ಇಲ್ಲವೇ ಹರಳುಕಲ್ಲು ಹಾಸಿದ ನೀರಿನ ತಾಟಿನ ಮೇಲೆ, ತಳ ನೀರಿಗೆ ತಾಗದಂತೆ, ಇಡುತ್ತೇನೆ. ನೀರು ಆವಿಯಾಗುತ್ತ ಸುತ್ತಲಿನ ಗಾಳಿಯನ್ನು ತೇವವಾಗಿಡುತ್ತದೆ. ವಾರ್ಡ್ ವೈದ್ಯನ ಗಾಜಿನ ಪೆಟ್ಟಿಗೆಯೂ ನಮ್ಮ ಅವ್ವನ ಹರವಿಯ ಕಟ್ಟೆಯೂ ಮಾಡಿದ ಕೆಲಸ ಒಂದೇ.

ಎಂದಾದರೂ ಮರೆತು ಗಿಡ ಒಣಗಿದರೆ ಎಸೆಯಬೇಡಿ. ಒಣ ಕಡ್ಡಿಗಳನ್ನೆಲ್ಲ ಬುಡಕ್ಕೆ ಕತ್ತರಿಸಿ, ನೆರಳಿನಲ್ಲಿ ಇಟ್ಟು, ಮಣ್ಣನ್ನು ತೇವವಾಗಿಟ್ಟು ಒಂದೆರಡು ತಿಂಗಳು ಕಾಯಿರಿ. ಬುಡದಲ್ಲಿ ಜೀವವಿದ್ದರೆ ಕುಡಿ ಬರುತ್ತದೆ. ಗಿಡ ಒಡೆಯುವುದಕ್ಕೆ ಮೃಗಶಿರೆಯ ಮಳೆ ಹಿಡಿದ ಮೇಲಿನ ದಿನಗಳು ಒಳ್ಳೆಯವು. ತಾಳ್ಮೆಯಿದ್ದವರು ಬೀಜಾಣುವಿನಿಂದಲೂ ಬೆಳೆಸಬಹುದು. ಕುದಿವ ನೀರು ಸುರಿದು ಆರಿಸಿದ ಒಂದು ಇಟ್ಟಿಗೆಯನ್ನು ನೀರಿನ ತಾಟಿನಲ್ಲಿ ನಿಲ್ಲಿಸಿ, ಕಂದು ಅಂಚಿನ ಎಲೆಯನ್ನು ಅದರ ಮೇಲೆ ಕೊಡವಿ, ಗಾಜಿನಿಂದ ಮುಚ್ಚಿಡಿ. ಕೆಲವು ವಾರಗಳಲ್ಲಿ ಹಸಿರು ಪೊರೆ, ಕೆಲವು ತಿಂಗಳುಗಳಲ್ಲಿ ಪುಟ್ಟ ಗಿಡ. ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಪ್ರಯೋಗ ನನಗೆ ತಿಳಿಯದು. ಒಂದು ವಿನಂತಿ: ಫಾಲ್ಸಿನ ಕಲ್ಲಿನಿಂದಾಗಲಿ ಉಳಿದಿರುವ ಹಳೆಯ ಬಾವಿಗಳಿಂದಾಗಲಿ ಕೀಳಬೇಡಿ. ಬೇಕಾದವರು ನಮ್ಮ ಮನೆಗೆ ಬನ್ನಿ.

ಮೊಮ್ಮಗಳು ಹೊರಡುವಾಗ ಒಂದು ಬುಡವನ್ನು ಹಸಿ ಅರಿವೆಯಲ್ಲಿ ಸುತ್ತಿ ಕೊಟ್ಟೆ. ಬೆಂಗಳೂರಿನ ಬಸ್ಸು ರಾತ್ರಿಯದು. ಬೆಳಿಗ್ಗೆ ಮುಟ್ಟಿದೊಡನೆ ಅವಳು ಫೋನು ಮಾಡಿ, "ಅಜ್ಜಾ, ಬಚ್ಚಲ ಕಿಟಕಿಯಲ್ಲಿ ಇಟ್ಟಿದ್ದೇನೆ," ಎಂದಳು. ಆರು ತಿಂಗಳಾಯಿತು, ಇನ್ನೂ ಒಣಗಿದ ಸುದ್ದಿ ಬಂದಿಲ್ಲ. ನಮ್ಮ ಊರಿನ ಮನೆಯ ಹಿತ್ತಿಲಿನಲ್ಲಿ, ತಮ್ಮನ ಮಗ ಹೋದ ವರ್ಷ ಮಾಳಿಗೆಯ ಮಳೆನೀರನ್ನು ಹಿಡಿಯಲು ಒಂದು ತೊಟ್ಟಿ ಕಟ್ಟಿಸಿದ್ದಾನೆ. ಮುಚ್ಚಿದ ಬಾವಿ ಇದ್ದ ಜಾಗಕ್ಕೆ ನಾಲ್ಕು ಮಾರು ದೂರದಲ್ಲಿ. ಈ ಮಳೆಗಾಲದಲ್ಲಿ ಅಲ್ಲಿಗೆ ಹೋಗಬೇಕೆಂದಿದ್ದೇನೆ. ತೊಟ್ಟಿಯ ಉತ್ತರದ ಗೋಡೆಗೆ ಸದಾ ನೆರಳಿದೆಯಂತೆ. ಬುಡವೊಂದನ್ನು ಈಗಲೇ ಬೇರೆ ಮಾಡಿ ಇಟ್ಟಿದ್ದೇನೆ.